ನಗಾರಿ ಸದ್ದಿನ ಮರೆಯಲ್ಲಿ

ಅದಿರಿನ ಊರು ದೋಣಿಮಲೈಯಿಂದ ಸಂಡೂರು, ಹೊಸಪೇಟೆ ದಾಟಿದರೆ ಹಂಪಿ. 1977ರಲ್ಲಿ ಎನ್‌ಎಂಡಿಸಿ ಗಣಿ ಶುರುವಾದಂದಿನಿಂದ ಆ ಟೌನ್‌ಶಿಪ್ಪಿಗೆ ಬರುವ ನೆಂಟರಿಗೆ ಹಂಪಿ ತೋರಿಸದೆ ಕಳಿಸುವುದುಂಟೇ? ಕಲ್ಲಿನ ರಥ, ಕಮಲ ಮಹಲು, ಮಹಾನವಮಿ ದಿಬ್ಬ ಎಲ್ಲ ನೋಡಿಯಾಗುತ್ತದೆ. ಆದರೆ ಟಿವಿಯ ಪತ್ತೇದಾರಿ ಧಾರಾವಾಹಿಗೆ ಹೇಳಿ ಮಾಡಿಸಿದಂಥ ಕೊಲೆ ಪ್ರಕರಣವೊಂದು ಇದೇ ಊರಿನಲ್ಲಿ ನಡೆದದ್ದು ಅಷ್ಟಾಗಿ ಮಾತಿಗೆ ಬರುವುದಿಲ್ಲ.

ಕಾಲ 1442ರ ನವೆಂಬರಿನಿಂದ 1443ರ ಏಪ್ರಿಲ್ ನಡುವೆ. ಆಗ ವಿಜಯನಗರವೆನಿಸಿದ್ದ ಈ ಊರಿನ ಪಟ್ಟದಲ್ಲಿದ್ದವನು ಇಮ್ಮಡಿ ದೇವರಾಯ. ಹೇರಾತಿನ ದೊರೆ ಶಾರುಖ್ ಕಳಿಸಿದ್ದ ರಾಯಭಾರಿ ಅಬ್ದುಲ್ ರಜಾಕ್ ಆಗ ಕಲ್ಲಿಕೋಟೆಯಲ್ಲಿದ್ದ. ಅವನು ಬರೆದಿಟ್ಟ ಪ್ರಕಾರ, ಅರಸನ ತಮ್ಮನೊಬ್ಬ ಹೊಸ ಮನೆ ಕಟ್ಟಿಸಿ ಅರಸನನ್ನೂ ರಾಜ್ಯದ ದೊಡ್ಡವರನ್ನೂ ಊಟಕ್ಕೆ ಕರೆದ. ಅತಿಥಿಗಳೆಲ್ಲ ದೊಡ್ಡ ಹಜಾರದಲ್ಲಿ ಕೂತಿದ್ದರು. ಈ ಜನ ಒಬ್ಬರೆದುರು ಒಬ್ಬರು ಉಣ್ಣುವುದಿಲ್ಲ ಎನ್ನುತ್ತಾನೆ ರಜಾಕ್. ಹಾಗಾಗಿ ಒಬ್ಬೊಬ್ಬರನ್ನೇ ಒಳಗೆ ಕರೆದಾಗ ಯಾರಿಗೂ ಅನುಮಾನ ಬರಲಿಲ್ಲ. ಒಳಗೆ ಅಡಗಿದ್ದ ಇಬ್ಬರು ಕಠಾರಿಯಿಂದ ಇರಿದು, ಹೆಣ ಸಾಗಿಸಿ, ಮುಂದಿನವರಿಗೆ ಹೇಳಿಕಳಿಸುತ್ತಿದ್ದರು. ಊರಲ್ಲಿದ್ದ ನಗಾರಿ, ಕಹಳೆ, ಕೊಳಲುಗಳನ್ನೆಲ್ಲ ತರಿಸಿ ಒಟ್ಟಿಗೆ ಬಾರಿಸುತ್ತಿದ್ದರಿಂದ ಕೂಗು ಹೊರಗೆ ಕೇಳಲಿಲ್ಲ.

ಆಮೇಲೆ ತಮ್ಮ ಅರಮನೆಗೆ ಹೋದ. ಕಾವಲುಗಾರರನ್ನೂ ಸವಿಮಾತಾಡಿ ಅದೇ ಮನೆಗೆ ಸಾಗಹಾಕಿದ. ಕೈಯಲ್ಲಿ ಅಡಿಕೆಯ ತಟ್ಟೆ, ಅದರಡಿ ಕಠಾರಿ. ‘ಎಲ್ಲ ಸಿದ್ಧವಾಗಿದೆ, ದಯಮಾಡಿಸಬೇಕು’ ಎಂದರೆ ಅರಸ ಮೈಗೆ ಹುಷಾರಿಲ್ಲ ಎಂದುಬಿಟ್ಟ. ತಮ್ಮ ಅಲ್ಲೇ ಇರಿದ. ದೇವರಾಯ ಸಿಂಹಾಸನದ ಹಿಂದೆ ಬಿದ್ದ. ತಲೆ ಕತ್ತರಿಸಲು ಒಬ್ಬನನ್ನು ಬಿಟ್ಟು, ತಮ್ಮ ಹೊರಬಂದು ತಾನೇ ಅರಸನೆಂದು ಸಾರತೊಡಗಿದ. ಅಷ್ಟರಲ್ಲಿ ಬಿದ್ದಿದ್ದವನು ಪೀಠವನ್ನೇ ಎತ್ತಿ ಬಂದವನ ಎದೆಗೆ ಬಡಿದು, ಮೂಲೆಯಲ್ಲಿ ಅವಿತಿದ್ದ ಕಾವಲುಗಾರನೊಬ್ಬನ ನೆರವಿನಿಂದ ಅವನನ್ನು ಮುಗಿಸಿ, ಅಂತಃಪುರದ ದಾರಿಯಿಂದ ಹೊರಗೆ ಬಂದು ತಾನು ಬದುಕಿದ್ದೇನೆಂದು ಕೂಗಿದ. ನೆರೆದಿದ್ದ ಜನವೇ ತಮ್ಮನನ್ನು ಕೊಂದರು.

ಇದೇ ಕತೆಯನ್ನು ಸುಮಾರು ತೊಂಬತ್ತು ವರ್ಷದ ಮೇಲೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಮತ್ತೆ ಹೇಳುತ್ತಾನೆ. ಅಷ್ಟರಲ್ಲಿ ಪಾತ್ರಗಳೇ ಬದಲಾಗಿವೆ. ಅರಸನ ಹೆಸರು ಪಿನರಾವ್. ಕೊಲೆಗಾರ ತಮ್ಮನಲ್ಲ, ಮಗನಂತೆ ಸಾಕಿದ ಹುಡುಗ, ಸೋದರನದೋ ಸೋದರಿಯದೋ ಮಗ. ಗೃಹಪ್ರವೇಶದಂಥ ಊಟದ ಬದಲು ಮದುವೆ. ಸತ್ತವರಲ್ಲಿ ಅರಸನ ಮಗನೂ ಸೇರಿದ್ದಾನೆ. ಅಡಿಕೆಯ ತಟ್ಟೆ ಹೋಗಿ ಚಿನ್ನದ ಪಾತ್ರೆ ಬಂದಿದೆ, ಕಠಾರಿಗೆ ವಿಷ ಸವರಿದೆ. ಕೊಂದವನನ್ನು ಅರಸನೇ ಕತ್ತರಿಸುತ್ತಾನೆ, ಆದರೆ ವಿಷವೇರಿ ಆರು ತಿಂಗಳಲ್ಲಿ ತಾನೂ ಸಾಯುತ್ತಾನೆ. 1900ರಲ್ಲಿ ರಾಬರ್ಟ್ ಸೀವೆಲ್ ತನ್ನ ‘ಎ ಫರ್ಗಾಟನ್ ಎಂಪೈರ್’ ಪುಸ್ತಕದಲ್ಲಿ ಎರಡನ್ನೂ ಒಟ್ಟಿಗೆ ಕೊಟ್ಟ ಮೇಲೆ ಈ ವ್ಯತ್ಯಾಸಗಳು ಎಲ್ಲರ ಕಣ್ಣಿಗೂ ಬಿದ್ದವು.

ವಿಷದ ಸುಳಿವು ಶುದ್ಧ ದಾರಿ ತಪ್ಪಿಸುವಂಥದ್ದು. 1443ರ ಏಪ್ರಿಲ್ ಕೊನೆಗೆ ರಜಾಕ್ ವಿಜಯನಗರಕ್ಕೆ ಬಂದು ದೇವರಾಯನನ್ನು ಕಣ್ಣಾರೆ ಕಂಡ. ದೇವರಾಯ ತೀರಿಕೊಂಡದ್ದು 1446ರಲ್ಲಿ. ಅಗಾಥಾ ಕ್ರಿಸ್ಟಿಯ ‘ಆರ್ಡೀಲ್ ಬೈ ಇನೊಸೆನ್ಸ್’ ಕಾದಂಬರಿಯನ್ನು 2018ರಲ್ಲಿ ಬಿಬಿಸಿ ತೆರೆಗೆ ತಂದಾಗ ಕೊಲೆಗಾರನನ್ನೇ ಬದಲಿಸಿತ್ತು, ಅಭಿಮಾನಿಗಳು ಮುನಿದರು. ಆ ಲೆಕ್ಕದಲ್ಲಿ ನೂನಿಜನದು ಇನ್ನೂ ಧಾರಾಳದ ಕೈ: ಕೊಲೆಗಾರನ ಜೊತೆಗೆ ಅಂತ್ಯವೂ ಬೇರೆ. ಅವನು ಬೇಕೆಂದೇ ತಿದ್ದಿದ ಎನ್ನುವಂತಿಲ್ಲ. ಬಾಯಿಂದ ಬಾಯಿಗೆ ಬಂದದ್ದನ್ನು ಬರೆದಿರಬೇಕು. ಅಷ್ಟು ದೊಡ್ಡ ಇರಿತಕ್ಕೆ ಅರಸ ಸಾಯದಿದ್ದರೆ ಹೇಳುವವರಿಗೇ ಸಮಾಧಾನವಿರಲಿಲ್ಲವೇನೋ.

ಎರಡೂ ಕತೆಗಳು ಬಿಡದೆ ಹಿಡಿದುಕೊಂಡಿರುವುದು ಊಟದ ಪದ್ಧತಿಯನ್ನು. ಜೊತೆಗೆ ಉಣ್ಣುವುದಿಲ್ಲ, ಅದಕ್ಕೇ ಒಬ್ಬೊಬ್ಬರೇ ಹೋದರು ಎಂದು ರಜಾಕ್. ಎಲ್ಲರೂ ಜೊತೆಗೇ ಕೂತಿದ್ದರು, ಬಡಿಸಿಟ್ಟ ಮೇಲೆ ಆಳುಗಳು ಅಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಸಾಕ್ಷಿಯಿಲ್ಲ ಎಂದು ನೂನಿಜ್. ಒಂದು ಇನ್ನೊಂದಕ್ಕೆ ಪೂರ್ತಿ ವಿರುದ್ಧ. ಅಷ್ಟು ಜನ ಸಾಯುವವರೆಗೂ ಯಾರಿಗೂ ಗೊತ್ತಾಗಲಿಲ್ಲವೇ ಎಂಬ ಪ್ರಶ್ನೆ ಇಬ್ಬರನ್ನೂ ಕಾಡಿದೆ; ಇಬ್ಬರೂ ಪರಊರಿನವರು, ಉತ್ತರಕ್ಕೆ ಇಲ್ಲಿನವರ ಪಂಕ್ತಿಯತ್ತ ನೋಡಿದ್ದಾರೆ. ರಜಾಕನ ನಗಾರಿಯೇ ಹೆಚ್ಚು ನಂಬುವಂತಿದೆ.

ಟಿವಿಯವರ ಕೈಗೆ ಸಿಕ್ಕರೆ ಮೊದಲ ಅನುಮಾನ ಬೀಳುವುದು ಅರಸನ ಮಂತ್ರಿ ದಣ್ಣಾಯಕನ ಮೇಲೆ. ರಜಾಕ್ ಪ್ರಕಾರ ದೊಡ್ಡವರಲ್ಲಿ ಉಳಿದವನು ಅವನೊಬ್ಬನೇ, ಆಗ ಸಿಂಹಳದ ಕಡೆಗೆ ಹೋಗಿದ್ದ. ‘ಶಿವತತ್ತ್ವಚಿಂತಾಮಣಿ’ ಬರೆದ ಲಕ್ಕಣ್ಣ ದಂಡೇಶನೇ ಈತ ಎಂದು ವಿದ್ವಾಂಸರು ಗುರುತಿಸುತ್ತಾರೆ. ಊರಲ್ಲಿಲ್ಲದೆ ಬದುಕಿದ್ದೇ ಅವನ ಮೇಲಿನ ಆರೋಪ, ಬೇರೆ ಸಾಕ್ಷ್ಯವೇನಿಲ್ಲ. ಪಿತೂರಿಗೆ ಕೈಜೋಡಿಸಿದವರನ್ನು ಹುಡುಕಿ ಕೊಂದ, ಆಮಂತ್ರಣದ ಓಲೆ ತಂದವನನ್ನೂ ಚಿತ್ರಹಿಂಸೆಗೆ ಗುರಿಮಾಡಿದ ದೇವರಾಯ, ದಣ್ಣಾಯಕನಿಗೆ ಮಾತ್ರ ದೂತನನ್ನಟ್ಟಿ ವಾಪಸು ಕರೆಸಿಕೊಂಡ. ಈ ಗೊಂದಲದ ಸುದ್ದಿ ತಿಳಿದ ಬಹಮನಿ ಸುಲ್ತಾನ ಏಳು ಲಕ್ಷ ವರಹ ಕೊಡು ಎಂದು ಹೇಳಿಕಳಿಸಿದಾಗ, ಕಲಬುರಗಿಯತ್ತ ದಂಡು ಕಟ್ಟಿಕೊಂಡು ಹೊರಟವನೂ ಅವನೇ.