ಪುಣೆಯಲ್ಲಿ ಬೆಳೆದ ಕನ್ನಡ ಅಕ್ಷರ

ಮೆಚ್ಚಿನ ಮುಕ್ತ ತಂತ್ರಾಂಶ ಯಾವುದೆಂದು ಕೇಳಿದರೆ ವಿಂಡೋಸ್ ಬಳಸುವವರು ವಿಎಲ್‌ಸಿ ಎನ್ನಬಹುದು, ಲಿನಕ್ಸ್‌ನವರು ಲಿಬ್ರೆಆಫೀಸ್ ಎನ್ನಬಹುದು. ಫಾಂಟಿನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ಕನ್ನಡ ಬರಹ ಒಂದು ಯಂತ್ರದಿಂದ ಇನ್ನೊಂದಕ್ಕೆ ಕೆಡದೆ ದಾಟುವಂತಾದದ್ದರಲ್ಲಿ ‘ಲೋಹಿತ್’ ಎಂಬ ಫಾಂಟಿನ ಪಾಲು ದೊಡ್ಡದು. ಅದು ಬೆಳೆದದ್ದು ಮರಾಠಿ ಊರಾದ ಪುಣೆಯಲ್ಲಿ.

1998ರಲ್ಲಿ ‘ಬರಹ’ ಬಂತು, ಕೆಲವು ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಎರಡೂ ಉಚಿತವಾಗಿ ಸಿಕ್ಕವು, ಮನೆಮನೆಯ ಕಂಪ್ಯೂಟರಿಗೆ ಕನ್ನಡ ತಂದವು. ಆ ಋಣ ಸಣ್ಣದಲ್ಲ. ಆದರೆ ಅಂದಿನ ಕಡತಗಳಲ್ಲಿ ಇರುತ್ತಿದ್ದದ್ದು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ತುಣುಕುಗಳು. ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಮದುವೆಯ ಕರೆಯೋಲೆಯೂ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತಿತ್ತು. ಉಚಿತ ಬೇರೆ, ಮುಕ್ತ ಬೇರೆ ಎಂಬುದು ಕನ್ನಡಿಗರಿಗೆ ಅರಿವಾದದ್ದು ತತ್ವದಿಂದಲ್ಲ, ಇಂಥ ಪೇಚಾಟದಿಂದ.

ಯುನಿಕೋಡ್ ಬಂದ ಮೇಲೆ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಸಿಕ್ಕಿತು. ಅಷ್ಟಕ್ಕೇ ಓದಲಾಗದು. ‘ಸೂರ್ಯ’ ಬರೆದರೆ ಕಡತದಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಪರದೆಯಲ್ಲಿ ಯಕಾರ ಮೊದಲು, ಅರ್ಕಾವತ್ತು ಆಮೇಲೆ. ಈ ಅದಲುಬದಲಿಗೆ ಬೇಕಾದ ಆಕಾರಗಳೂ ನಿಯಮಗಳೂ ಫಾಂಟಿನೊಳಗೇ ಇರಬೇಕು. ವಿಂಡೋಸ್ ಎಕ್ಸ್‌ಪಿ ಜೊತೆಗೆ ‘ತುಂಗಾ’ ಇತ್ತು, ಆದರೆ ಅದು ಮೈಕ್ರೋಸಾಫ್ಟ್‌ನ ಸೊತ್ತು. ಲಿನಕ್ಸ್ ಜೊತೆ ಹಂಚುವಂತಿರಲಿಲ್ಲ.

ಶ್ರೀಲಿಪಿ ಮಾರುತ್ತಿದ್ದ ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಮೂಲ ಅಕ್ಷರಗಳನ್ನು ಒದಗಿಸಿತು, ರೆಡ್ ಹ್ಯಾಟ್ 2004ರಲ್ಲಿ ಅವನ್ನು ಜಿಪಿಎಲ್ ಪರವಾನಗಿಯಡಿ ಬಿಡುಗಡೆ ಮಾಡಿತು. ಲೋಹಿತ ಎಂದರೆ ಕೆಂಪು. ಕಂಪನಿಯ ಹೆಸರಿನ ಮೇಲಿನ ಶ್ಲೇಷೆ. ಮೊದಲ ಕಂತಿನಲ್ಲಿ ಕನ್ನಡ ಇರಲಿಲ್ಲ, ತಡವಾಗಿ ಸೇರಿತು. ರೆಡ್ ಹ್ಯಾಟ್‌ನ ಪುಣೆ ಕಚೇರಿಯ ಎಂಜಿನಿಯರುಗಳು ಅದನ್ನು ವರ್ಷಗಟ್ಟಲೆ ತಿದ್ದಿದರು. ಮೂಲ ತೆರೆದಿದ್ದರಿಂದ ಯಾವುದೋ ಒತ್ತಕ್ಷರ ಪಕ್ಕದ್ದಕ್ಕೆ ತಾಗುತ್ತಿದೆ ಎಂದು ಯಾರು ಬೇಕಾದರೂ ದೂರು ಬರೆಯಬಹುದಿತ್ತು, ತಿದ್ದಿದ್ದು ಎಲ್ಲರಿಗೂ ಸಲ್ಲುತ್ತಿತ್ತು. ಅಂದಹಾಗೆ, ಭಾರತೀಯ ಲಿಪಿಗಳನ್ನು ಗಣಕಕ್ಕೆ ತರುವ ಕೆಲಸ ಪುಣೆಗೆ ಹೊಸದಲ್ಲ. 1988ರಲ್ಲಿ ಹುಟ್ಟಿದ ಸಿ-ಡ್ಯಾಕ್‌ನ ಜಿಸ್ಟ್ ತಂಡ ಅಲ್ಲಿಯೇ ಇತ್ತು.

ಒಂದು ತೊಡಕು ಉಳಿದಿತ್ತು. ಜಿಪಿಎಲ್ ಫಾಂಟನ್ನು ಪಿಡಿಎಫ್ ಒಳಗೆ ಸೇರಿಸಿದರೆ ಆ ದಾಖಲೆಗೂ ಅದೇ ಷರತ್ತು ಅಂಟುವುದೇ ಎಂಬ ಅನುಮಾನ. 2011ರಲ್ಲಿ ಲೋಹಿತ್ ಫಾಂಟುಗಳನ್ನು ಫಾಂಟಿಗೆಂದೇ ಬರೆದ ಓಪನ್ ಫಾಂಟ್ ಲೈಸೆನ್ಸ್‌ಗೆ ಬದಲಿಸಲಾಯಿತು. ಅದೇ ವರ್ಷದ ಕೊನೆಯಲ್ಲಿ ಭಾರತೀಯ ಭಾಷೆಗಳ ವಿಕಿಪೀಡಿಯಗಳು ಓದುಗರ ಯಂತ್ರದಲ್ಲಿ ಫಾಂಟ್ ಇಲ್ಲದಿದ್ದರೆ ಪುಟದ ಜೊತೆಗೇ ಕಳಿಸುವ ವ್ಯವಸ್ಥೆ ತಂದವು. ಕನ್ನಡಕ್ಕೆ ಹೋದದ್ದು ಲೋಹಿತ್. ಮರುವರ್ಷ ಆಂಡ್ರಾಯ್ಡ್ 4.1ರ ಮುಕ್ತ ಮೂಲದಲ್ಲೂ ಲೋಹಿತ್ ಕನ್ನಡ ಇತ್ತು. ಅಲ್ಲಿಯವರೆಗೆ ಖಾಲಿ ಚೌಕಗಳನ್ನು ತೋರಿಸುತ್ತಿದ್ದ ಎಷ್ಟೋ ಫೋನುಗಳಲ್ಲಿ ಊರಿನಿಂದ ಬಂದ ಸಂದೇಶ ಕನ್ನಡದಲ್ಲೇ ಕಾಣತೊಡಗಿತು. ಮುಂದೆ ಗೂಗಲ್‌ನ ನೋಟೋ ಆ ಜಾಗಕ್ಕೆ ಬಂತು. ಅದೂ ಮುಕ್ತ ಪರವಾನಗಿಯದೇ.