ನಮ್ಮ ದೇಹದ ಒಳಗಿನ ಆಡಿಟರ್‌ಗಳು

ಕಲಬುರಗಿ ರೋಜಾದಿಂದ ಮಾತಾಡ್ತಿದ್ದೀನಿ. ನಮ್ಮ ಕಡೆ ಹುಡುಗಿ ಕೈಮೇಲೆ ಬಿಳಿ ಮಚ್ಚೆ ಕಂಡ್ರೆ ಸಂಬಂಧನೇ ಮುರಿದು ಬೀಳ್ತದ. ಆದ್ರೆ ತೊನ್ನು ಅಂಟುರೋಗ ಅಲ್ಲ, ಕುಷ್ಠನೂ ಅಲ್ಲ. ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶಗಳನ್ನ ನಮ್ಮದೇ ರೋಗನಿರೋಧಕ ವ್ಯವಸ್ಥೆ ಹಾಳುಮಾಡ್ತದ. ಕಾಯೋರೇ ಯಾಕೆ ಹೊಡೀತಾರೆ?

ಸುಳಿವು ಸಿಕ್ಕಿದ್ದು ಜಪಾನಿನಲ್ಲಿ. 1969ರಲ್ಲಿ ಅಲ್ಲಿನ ಸಂಶೋಧಕರು ಹುಟ್ಟಿ 3 ದಿನವಾದ ಹೆಣ್ಣು ಇಲಿಮರಿಗಳ ಎದೆಯೊಳಗಿನ ಥೈಮಸ್ ಗ್ರಂಥಿ ತೆಗೆದರು. ಮುಂದೆ ಅವುಗಳ ಅಂಡಾಶಯ ಹಾಳಾಯ್ತು. ದೇಹ ತನ್ನ ಮೇಲೇ ದಾಳಿ ಮಾಡಿತ್ತು. ಶಿಮೋನ್ ಸಕಗುಚಿ ಇದರ ಬೆನ್ನು ಹತ್ತಿದರು. ಆರೋಗ್ಯವಂತ ಇಲಿಯ ಟಿ ಕೋಶಗಳನ್ನ ಇಂಥ ಇಲಿಗಳಿಗೆ ಕೊಟ್ಟಾಗ ರೋಗ ಬರಲಿಲ್ಲ. ಅಂದ್ರೆ ದಾಳಿ ತಡೆಯೋ ಕೋಶಗಳೂ ಅದರಾಗ ಇದ್ವು!

ನಾನು ಬಿಕಾಂ ಓದಿದವನು, ನನ್ನ ಭಾಷೆಯಲ್ಲಿ ಇವು ಇಂಟರ್ನಲ್ ಆಡಿಟರ್‌ಗಳು. 1980ರ ದಶಕದಲ್ಲಿ ಇಂಥ ಕೋಶಗಳ ಮಾತೆತ್ತಿದ್ರೆ ಬಹಳಷ್ಟು ವಿಜ್ಞಾನಿಗಳು ನಂಬ್ತಿರಲಿಲ್ಲ. ಸಕಗುಚಿ ಬಿಡಲಿಲ್ಲ. 1995ರಲ್ಲಿ ಆ ಕೋಶಗಳನ್ನ ಗುರುತು ಸಮೇತ ತೋರಿಸಿದರು. 2001ರಲ್ಲಿ ಅಮೆರಿಕದ ಮೇರಿ ಬ್ರಂಕೋವ್, ಫ್ರೆಡ್ ರಾಮ್ಸ್‌ಡೆಲ್ ಫಾಕ್ಸ್‌ಪಿ3 ಅನ್ನೋ ಜೀನ್ ಹುಡುಕಿದರು. ಅದು ಕೆಟ್ಟರೆ ಇಲಿಗೂ, ಮನುಷ್ಯರ ಗಂಡುಮಕ್ಕಳಿಗೂ ಇಂಥದ್ದೇ ಭಯಂಕರ ಕಾಯಿಲೆ. ಈ ಆಡಿಟರ್‌ಗಳನ್ನ ತಯಾರಿಸೋದೇ ಆ ಜೀನ್ ಅಂತ 2003ರಲ್ಲಿ ಗೊತ್ತಾಯ್ತು. 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೆ ಬಂತು.

ತೊನ್ನಿನಲ್ಲಿ ಈ ಕಾವಲು ಎಲ್ಲಿ ಸಡಿಲ ಆಗ್ತದ ಅನ್ನೋ ಹುಡುಕಾಟ ಇನ್ನೂ ನಡೆದದ. ಆದ್ರೆ ಮುಟ್ಟಿದ್ರೆ ಅಂಟಲ್ಲ, ಯಾರ ಪಾಪದ ಫಲನೂ ಅಲ್ಲ ಅನ್ನೋದು ಖಾತ್ರಿ. ಮದುವೆ ಮಾತುಕತೆಯಲ್ಲಿ ಯಾರಾದ್ರೂ ಪಿಸುಗುಟ್ಟಿದ್ರೆ ಈ ಎಪಿಸೋಡ್ ಕಳಿಸ್ರಿ.