ಮೆಮೊರಿ ಮ್ಯಾಪ್: 8051ರಿಂದ ಡಿವೈಸ್ ಟ್ರೀವರೆಗೆ

ಎಂಬೆಡೆಡ್ ಯಂತ್ರದಲ್ಲಿ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಓಡಬೇಕಾದರೆ ಕೆಲವು ವಿಳಾಸಗಳು ಮೊದಲೇ ನಿಶ್ಚಯವಾಗಿರಬೇಕು. ಕೋಡ್ ಎಲ್ಲಿಂದ ಶುರು, ರ್‍ಯಾಮ್ ಎಲ್ಲಿಂದ ಎಲ್ಲಿಯವರೆಗೆ, ಸ್ಟ್ಯಾಕ್ ಎಲ್ಲಿ, ಇಂಟರಪ್ಟ್ ಬಂದಾಗ ಪ್ರೊಸೆಸರ್ ಎಲ್ಲಿಗೆ ಹಾರಬೇಕು ಎಂಬುದರ ಪಟ್ಟಿಯೇ ಮೆಮೊರಿ ಮ್ಯಾಪ್. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ಈ ವಿದ್ಯೆ ಬೇರೂರಿದ್ದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯಕ್ರಮದ ಇಂಜಿನಿಯರಿಂಗ್ ಕಾಲೇಜುಗಳ ಮೂಲಕ. ಬೆಂಜನಪದವಿನ ಕೆನರಾ ಕಾಲೇಜು 2001ರಲ್ಲಿ, ಬಡಗ ಮಿಜಾರಿನ ಮೈಟ್ ಮತ್ತು ಉಜಿರೆಯ ಎಸ್‌ಡಿಎಂ 2007ರಲ್ಲಿ, ಮಿಜಾರಿನ ಆಳ್ವಾಸ್ 2008ರಲ್ಲಿ ಆರಂಭವಾದವು.

ಅಲ್ಲಿ ಪಾಠ ಬಹುಕಾಲ ಶುರುವಾಗುತ್ತಿದ್ದುದು ಇಂಟೆಲ್ 1980ರಲ್ಲಿ ತಂದ 8051 ಚಿಪ್ಪಿನಿಂದ. ಅದರೊಳಗಿನ ರ್‍ಯಾಮ್ ಬರೀ 128 ಬೈಟ್. ಮೊದಲ 32 ಬೈಟ್ ನಾಲ್ಕು ರಿಜಿಸ್ಟರ್ ಬ್ಯಾಂಕುಗಳಿಗೆ, ಮುಂದಿನ 16 ಬೈಟ್ ಒಂದೊಂದು ಬಿಟ್ಟನ್ನೂ ಬೇರೆಯಾಗಿ ಮುಟ್ಟಬಹುದಾದ ಜಾಗಕ್ಕೆ ಮೀಸಲು. ಪ್ರೋಗ್ರಾಮಿನ ಕೈಗೆ ಸಿಗುವುದು ಉಳಿದ 80 ಬೈಟ್. ರೀಸೆಟ್ ಆದಾಗ ಸ್ಟ್ಯಾಕ್ ಪಾಯಿಂಟರಿನ ಬೆಲೆ 7. ಹಾಗೇ ಬಿಟ್ಟರೆ ಸ್ಟ್ಯಾಕ್ 8ನೇ ಬೈಟಿನಿಂದ ಬೆಳೆದು ಎರಡನೇ ರಿಜಿಸ್ಟರ್ ಬ್ಯಾಂಕನ್ನು ಅಳಿಸುತ್ತದೆ. ಆದ್ದರಿಂದ ಅದನ್ನು ಮೇಲಿನ ಖಾಲಿ ಜಾಗಕ್ಕೆ ಸರಿಸುವುದು ರೂಢಿ. ಪ್ರತಿ ವಿಳಾಸವನ್ನೂ ಪ್ರೋಗ್ರಾಮ್ ಬರೆಯುವವನೇ ಲೆಕ್ಕ ಹಾಕುತ್ತಿದ್ದ ಕಾಲ ಅದು.

ಲೆಕ್ಕ ಬೈಟಿನಿಂದ ಮೆಗಾಬೈಟಿಗೆ ಏರಿದಾಗ ಕೆಲಸದ ಸ್ವರೂಪವೂ ಬದಲಾಯಿತು. ಕರ್ನಾಟಕದಲ್ಲಿ ಇದಕ್ಕೆ ಸ್ಪಷ್ಟ ಉದಾಹರಣೆ ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸೇರಿ ರೂಪಿಸಿದ ಈ ಕೈಗಣಕವನ್ನು 2001ರಲ್ಲಿ ಜನರ ಮುಂದಿಡಲಾಯಿತು. ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ತಯಾರಿಸಿದ ‘ಅಮಿಡಾ’ ಮಾದರಿ 2004ರಲ್ಲಿ ಮಾರುಕಟ್ಟೆಗೆ ಬಂತು. ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಪ್ರೊಸೆಸರಿನ ಮೇಲೆ ಓಡುತ್ತಿದ್ದುದು ಲಿನಕ್ಸ್. ಹಾರ್ಡ್‌ಡಿಸ್ಕ್ ಇರಲಿಲ್ಲ, ಕರ್ನಲ್ಲೂ ಕಡತಗಳೂ ಫ್ಲ್ಯಾಷ್ ಮೆಮೊರಿಯಲ್ಲೇ ಇರಬೇಕಿತ್ತು.

ಈ ಪ್ರೊಸೆಸರಿನಲ್ಲಿ ಬೂಟ್ ಕೋಡ್ ಇರುವ ಫ್ಲ್ಯಾಷ್ ಸೊನ್ನೆ ವಿಳಾಸದಲ್ಲಿ, ರ್‍ಯಾಮ್ 3 ಜಿಬಿ ಗುರುತಿನಲ್ಲಿ ಶುರುವಾಗುತ್ತದೆ. ಆ ಕಾಲದ ಆರ್ಮ್ ಲಿನಕ್ಸ್ ತನ್ನ ವರ್ಚುವಲ್ ನೆಲೆಯನ್ನೂ 3 ಜಿಬಿಯಿಂದಲೇ ಹಿಡಿಯುತ್ತಿದ್ದುದರಿಂದ, ಇಲ್ಲಿ ಕರ್ನಲ್ಲಿನ ಭೌತಿಕ ವಿಳಾಸವೂ ವರ್ಚುವಲ್ ವಿಳಾಸವೂ ಒಂದೇ ಆದವು. ಕರ್ನಲ್ ಕೂರುತ್ತಿದ್ದುದು ರ್‍ಯಾಮಿನ ಆರಂಭದಿಂದ 32 ಕೆಬಿ ಮುಂದೆ. ಬಿಟ್ಟ ಜಾಗದ ಮೇಲಿನ 16 ಕೆಬಿಯಲ್ಲಿ, ವರ್ಚುವಲ್ ವಿಳಾಸವನ್ನು ಭೌತಿಕ ವಿಳಾಸಕ್ಕೆ ಹೊಂದಿಸುವ ಕರ್ನಲ್ಲಿನ ಪೇಜ್ ಟೇಬಲ್. ಕೆಳಗೆ, ರ್‍ಯಾಮ್ ಎಷ್ಟಿದೆ, ರೂಟ್ ಕಡತವ್ಯವಸ್ಥೆ ಎಲ್ಲಿದೆ ಎಂದು ಬೂಟ್‌ಲೋಡರ್ ಬರೆದಿಡುವ ‘ಟ್ಯಾಗ್’ ಪಟ್ಟಿ. ರ್‍ಯಾಮಿನ ನೆಲೆ ಕರ್ನಲ್ ಕಂಪೈಲ್ ಆಗುವಾಗಲೇ ಸ್ಥಿರವಾಗುತ್ತಿತ್ತು; ಬೋರ್ಡು ಬದಲಾಗಿ ಆ ನೆಲೆ ಬದಲಾದರೆ ಹೊಸದಾಗಿ ಕಂಪೈಲ್ ಮಾಡದೆ ದಾರಿಯಿರಲಿಲ್ಲ.

ಕರಾವಳಿಯ ಕಾಲೇಜುಗಳಿಗೆ ಆರ್ಮ್ ತಲುಪಿದ್ದು ಸಣ್ಣ ಚಿಪ್ಪಿನ ರೂಪದಲ್ಲಿ. ವಿಟಿಯು 2015ರ ಪಠ್ಯಕ್ರಮ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳ ಪ್ರಯೋಗಾಲಯಕ್ಕೆ ಎಲ್‌ಪಿಸಿ2148 ಅನ್ನು ತಂದಿತು. ಇದರಲ್ಲಿ 512 ಕೆಬಿ ಫ್ಲ್ಯಾಷ್ ಸೊನ್ನೆಯಿಂದ, 32 ಕೆಬಿ ರ್‍ಯಾಮ್ 1 ಜಿಬಿ ಗುರುತಿನಿಂದ ಆರಂಭ. ಫ್ಲ್ಯಾಷಿನ ಕೊನೆಯ 12 ಕೆಬಿ ತಯಾರಕರ ಬೂಟ್‌ಲೋಡರಿನದು. ಬಳಕೆಗೆ ಸಿಗುವುದು 500 ಕೆಬಿ. ಫ್ಲ್ಯಾಷ್ ಬರೆಯುವ ಆದೇಶಗಳು ರ್‍ಯಾಮಿನ ತುದಿಯ 32 ಬೈಟನ್ನು ಬಳಸುವುದರಿಂದ ಸ್ಟ್ಯಾಕನ್ನು ಅದಕ್ಕಿಂತ ಕೆಳಗೆ ಇಡಬೇಕು. ಈ ಗಡಿಗಳನ್ನು ವಿದ್ಯಾರ್ಥಿ ಕೀಲ್ ತಂತ್ರಾಂಶದ ಸೆಟ್ಟಿಂಗಿನಲ್ಲಿ ತುಂಬುತ್ತಾನೆ. ಉಳಿದ ಹಂಚಿಕೆ ಪ್ರೋಗ್ರಾಮಿನ ತುಣುಕುಗಳನ್ನು ಜೋಡಿಸುವ ಲಿಂಕರಿನದು. ಒಂದು ಟಾಸ್ಕ್ ಇನ್ನೊಂದರ ಮೆಮೊರಿ ಮುಟ್ಟದಂತೆ ತಡೆಯಬಲ್ಲ ಎಂಎಂಯು (ಮೆಮೊರಿ ಮ್ಯಾನೇಜ್ಮೆಂಟ್ ಯೂನಿಟ್) ಈ ಚಿಪ್ಪಿನಲ್ಲಿ ಇಲ್ಲ. ಇದರ ಮೇಲೆ ಮೈಕ್ರೊಸಿ/ಓಎಸ್-2ರಂಥ ಪುಟ್ಟ ಕರ್ನಲ್ ಕೂರಿಸಿದರೆ ಪ್ರತಿ ಟಾಸ್ಕಿಗೂ ಬೇರೆ ಸ್ಟ್ಯಾಕ್ ಸಿಗುತ್ತದೆ, ಕಾವಲು ಸಿಗುವುದಿಲ್ಲ. ಅಳತೆ ತಪ್ಪಿದ ಸ್ಟ್ಯಾಕ್, ಹುಣಿ ಒಡೆದ ಗದ್ದೆಯ ನೀರಿನಂತೆ ಪಕ್ಕದ ಟಾಸ್ಕಿಗೆ ನುಗ್ಗುತ್ತದೆ.

ದೊಡ್ಡ ಆರ್ಮ್ ಯಂತ್ರಗಳ ದಾರಿ ಅಷ್ಟರಲ್ಲಿ ಬದಲಾಗಿತ್ತು. ಪ್ರತಿ ಬೋರ್ಡಿಗೂ ಪ್ರತ್ಯೇಕ ಕೋಡ್ ಸೇರಿ ಆರ್ಮ್ ಲಿನಕ್ಸ್ ಊದಿಕೊಂಡದ್ದನ್ನು ಲಿನಸ್ ಟೊರ್ವಾಲ್ಡ್ಸ್ 2011ರಲ್ಲಿ ಕಟುವಾಗಿ ಆಕ್ಷೇಪಿಸಿದರು. ಆ ಬಳಿಕ ಬೋರ್ಡಿನ ವಿವರ ಕರ್ನಲ್ಲಿನಿಂದ ಹೊರಬಂದು ‘ಡಿವೈಸ್ ಟ್ರೀ’ ಎಂಬ ಪ್ರತ್ಯೇಕ ಕಡತಕ್ಕೆ ಹೋಗತೊಡಗಿತು. ರ್‍ಯಾಮಿನ ಆರಂಭ, ಗಾತ್ರ, ಕರ್ನಲ್ ಮುಟ್ಟಬಾರದ ಮೀಸಲು ಭಾಗ ಮೂರನ್ನೂ ಅಲ್ಲಿ ಬರೆಯಬಹುದು. ಕರ್ನಲ್ ತಾನು ಕುಳಿತ ನೆಲೆಗೆ ತಕ್ಕಂತೆ ವಿಳಾಸಗಳನ್ನು ಬೂಟ್ ಹಂತದಲ್ಲೇ ತಿದ್ದಿಕೊಳ್ಳುವುದನ್ನೂ ಕಲಿಯಿತು. ಒಂದೇ ಕರ್ನಲ್ ಹಲವು ಬೋರ್ಡುಗಳಲ್ಲಿ ಓಡುವುದು ಇದರಿಂದ ಸಾಧ್ಯವಾಯಿತು.

ಮೂರು ದಶಕಗಳಲ್ಲಿ ವಿಳಾಸ ಗೊತ್ತುಮಾಡುವ ಕೆಲಸ ಪ್ರೋಗ್ರಾಮರನ ಕೈಯಿಂದ ಲಿಂಕರಿಗೆ, ಬೂಟ್‌ಲೋಡರಿಗೆ, ಕೊನೆಗೆ ಡಿವೈಸ್ ಟ್ರೀಗೆ ಹಂತಹಂತವಾಗಿ ದಾಟಿದೆ. ಆದರೆ ಕಡತದಲ್ಲಿ ಬರೆದ ಗಾತ್ರ ಬೋರ್ಡಿನ ಮೇಲಿರುವ ರ್‍ಯಾಮಿಗಿಂತ ಹೆಚ್ಚಾದರೆ ಕರ್ನಲ್ ಇಂದಿಗೂ ಅದನ್ನೇ ನಂಬಿ ಕುಸಿಯಬಹುದು. ಚಿಪ್ಪಿನ ಕೈಪಿಡಿಯಲ್ಲಿರುವ ಮೆಮೊರಿ ಮ್ಯಾಪಿನ ಪುಟವನ್ನು ಓದಬಲ್ಲವನಿಗೇ ಆ ದೋಷ ಸಿಗುತ್ತದೆ. 8051ರ 128 ಬೈಟಿನ ಲೆಕ್ಕ ಕಲಿಸಿದ್ದೂ ಅದನ್ನೇ.